ಕಾರಿನ ಸೈಲೆನ್ಸರ್ ಬದಲಿಸುವ ಮುನ್ನ: ದುಡ್ಡು ಎಲ್ಲಿ ಹಾಕಬೇಕು, ದಂಡ ಯಾರ ತಲೆಗೆ ಬೀಳುತ್ತೆ?

2026ರ ಜನವರಿಯಲ್ಲಿ ಉತ್ತರ ಬೆಂಗಳೂರಿನಲ್ಲಿ ಹಳೇ ಹೊಂಡಾ ಸಿಟಿ ಕಾರೊಂದು ಹಿಂದಿನ ಪೈಪಿನಿಂದ ಬೆಂಕಿ ಉಗುಳುತ್ತಾ ಹೋಗುವ ವಿಡಿಯೋ ವೈರಲ್ ಆಯಿತು. ಓಡಿಸುತ್ತಿದ್ದವನು ಒಬ್ಬ ವಿದ್ಯಾರ್ಥಿ. ಸಂಚಾರ ಪೊಲೀಸರು ಕಾರನ್ನು ಪತ್ತೆ ಹಚ್ಚಿದರು, ಯಲಹಂಕ ಆರ್‌ಟಿಒದಲ್ಲಿ 1.11 ಲಕ್ಷ ರೂಪಾಯಿ ದಂಡ ಬಿತ್ತು. ಅಷ್ಟು ಹಳೆಯ ಕಾರನ್ನು ಮಾರಿದರೂ ಅಷ್ಟು ದುಡ್ಡು ಹುಟ್ಟುತ್ತಿತ್ತೋ ಇಲ್ಲವೋ! ಸೋಷಿಯಲ್ ಮೀಡಿಯಾದಲ್ಲಿ ಅರ್ಧ ಜನ ನಕ್ಕರು, ಇನ್ನರ್ಧ ಜನ 'ಸರಿಯಾಗಿ ಆಯ್ತು' ಅಂದರು.

ಆ ಗದ್ದಲದಲ್ಲಿ ಹೆಚ್ಚು ಜನ ಕೇಳದೇ ಹೋದ ಪ್ರಶ್ನೆ ಒಂದಿದೆ. ಇಂಥ ಕೆಲಸವನ್ನು ಮಾಡಿಕೊಡುವವರು ಯಾರು? ಅವರಿಗೆ ಕಾನೂನು ಏನು ಹೇಳುತ್ತದೆ?

ಯಲಹಂಕ, ಹೆಬ್ಬಾಳ, ಆರ್‌ಟಿ ನಗರ, ಯಶವಂತಪುರದ ಕಡೆ ಸೆಕೆಂಡ್ ಹ್ಯಾಂಡ್ ಕಾರು ತಗೊಂಡ ಹುಡುಗ ಹುಡುಗಿಯರಿಗೆ ಈ ಆಸೆ ಹೊಸದಲ್ಲ. ಕಾರು ಸ್ವಲ್ಪ ಗಡಸು ದನಿಯಲ್ಲಿ ಗುರ್ ಅನ್ನಬೇಕು, ಪಿಕಪ್ ಹೆಚ್ಚಬೇಕು, ಖರ್ಚು ಮಾತ್ರ ಕಡಿಮೆ ಇರಬೇಕು. ಆಸೆ ತಪ್ಪಲ್ಲ. ಆದರೆ ಕಡಿಮೆ ಬಜೆಟ್ಟಿನಲ್ಲಿ ಸಿಗುವುದು ಬಹುತೇಕ ಸದ್ದು ಮಾತ್ರ, ಶಕ್ತಿ ಅಲ್ಲ. ಆ ಸದ್ದಿನ ಬಿಲ್ ಎರಡು ಸಲ ಬರುತ್ತದೆ, ಒಮ್ಮೆ ಗ್ಯಾರೇಜಿನಲ್ಲಿ, ಇನ್ನೊಮ್ಮೆ ರಸ್ತೆಯಲ್ಲಿ. ಎರಡನ್ನೂ ಕಟ್ಟುವುದು ನೀವೇ.

ಕಾರಿನ ಕೆಳಗೆ ಏನಿದೆ?

ನಾವು ಎಲ್ಲವನ್ನೂ ಸೇರಿಸಿ 'ಸೈಲೆನ್ಸರ್' ಅಂದುಬಿಡುತ್ತೇವೆ. ನಿಜಕ್ಕೂ ಅದು ನಾಲ್ಕೈದು ಭಾಗಗಳ ಸಾಲು. ಎಂಜಿನ್ನಿಗೆ ಅಂಟಿಕೊಂಡಿರುವುದು ಮ್ಯಾನಿಫೋಲ್ಡ್. ಎಲ್ಲ ಸಿಲಿಂಡರಿನ ಹೊಗೆಯೂ ಇಲ್ಲಿ ಒಂದಾಗುತ್ತದೆ. ಅದರ ಪಕ್ಕದಲ್ಲೇ ಕ್ಯಾಟಲಿಟಿಕ್ ಕನ್ವರ್ಟರ್, ಮೆಕ್ಯಾನಿಕ್ ಬಾಯಲ್ಲಿ 'ಕ್ಯಾಟ್'. ಆಮೇಲೆ ಎಂಜಿನ್ನಿನ ಅಲುಗಾಟ ತಡೆದುಕೊಳ್ಳುವ ಬಲೆಯಂಥ ಫ್ಲೆಕ್ಸ್ ಪೈಪ್, ಕೀರಲು ಸದ್ದನ್ನು ಹೀರುವ ರೆಸೊನೇಟರ್, ಕೊನೆಗೆ ಹಿಂದಿನ ಬಂಪರಿನ ಕೆಳಗೆ ಡಬ್ಬಿಯಂತೆ ಕಾಣುವ ಮಫ್ಲರ್. ಜನ ಸೈಲೆನ್ಸರ್ ಅನ್ನುವುದು ಸಾಮಾನ್ಯವಾಗಿ ಈ ಡಬ್ಬಿಗೇ.

ಇಷ್ಟರಲ್ಲಿ ಬೆಲೆಬಾಳುವುದು ಕ್ಯಾಟ್. ಅದರೊಳಗಿನ ಜೇನುಗೂಡಿನಂಥ ಸೆರಾಮಿಕ್ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಇರುತ್ತದೆ. ಕಾರ್ಬನ್ ಮೊನಾಕ್ಸೈಡ್, ಸುಡದೆ ಉಳಿದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್‌ಗಳನ್ನು ಅದು ಕಡಿಮೆ ಹಾನಿಯ ಅನಿಲಗಳಾಗಿ ಬದಲಿಸುತ್ತದೆ. ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಗಿದ್ದು 1995ರಲ್ಲಿ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲಂತೂ ಇದಿಲ್ಲದೆ ಪೆಟ್ರೋಲ್ ಕಾರು ಮಾರಾಟಕ್ಕೇ ಬರುವ ಹಾಗಿಲ್ಲ. ಕ್ಯಾಟ್‌ನ ಹಿಂದೆ ಮುಂದೆ ಒಂದೊಂದು ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬಿಡಬೇಕು ಅನ್ನುವುದನ್ನು ಕಾರಿನ ಕಂಪ್ಯೂಟರ್ ಈ ಸೆನ್ಸರಿನ ಮಾತು ಕೇಳಿಯೇ ನಿರ್ಧರಿಸುತ್ತದೆ. ಪೈಪು ಮುಟ್ಟಿದರೆ ಮೈಲೇಜ್ ಬೀಳುವುದು ಇದೇ ಕಾರಣಕ್ಕೆ. ಮುಂದಿನ ಸೆನ್ಸರಿಗಿಂತ ಮೊದಲು ಪೈಪಿನಲ್ಲಿ ಒಂದು ಸಣ್ಣ ತೂತಾದರೂ ಹೊರಗಿನ ಗಾಳಿ ಒಳಗೆ ಸೇರುತ್ತದೆ, ಸೆನ್ಸರ್ 'ಆಕ್ಸಿಜನ್ ಜಾಸ್ತಿ ಇದೆ' ಅಂತ ವರದಿ ಕೊಡುತ್ತದೆ, ಕಂಪ್ಯೂಟರ್ ಪಾಪ ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ.

ಪವರ್ ನಿಜವಾಗಲೂ ಬರುತ್ತಾ?

ಬರುತ್ತದೆ, ಆದರೆ ನಿಮ್ಮ ಕಾರಿಗೆ ಅಲ್ಲ.

ಟರ್ಬೊ ಎಂಜಿನ್ ಇರುವ ಕಾರಿಗೆ ಅಗಲದ ಪೈಪು ಹಾಕಿ, ಕಂಪ್ಯೂಟರಿನ ಮ್ಯಾಪ್ ಬದಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಅದಕ್ಕೆ ಬಜೆಟ್ ಅನ್ನುವ ಪದ ಹೊಂದುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಓಡಿಸುವ 1.2 ಲೀಟರಿನ ಸಾದಾ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗೆ ಹಿಂದಿನ ಡಬ್ಬಿ ಬದಲಿಸಿದರೆ ಎರಡು ಮೂರು ಹಾರ್ಸ್‌ಪವರ್ ಸಿಕ್ಕಿದರೆ ಅದೇ ದೊಡ್ಡದು. ಎಸಿ ಆಫ್ ಮಾಡಿದರೆ ಅದಕ್ಕಿಂತ ಹೆಚ್ಚು ಸಿಗುತ್ತದೆ. ಸದ್ದು ಹೆಚ್ಚಾದಾಗ ವೇಗವೂ ಹೆಚ್ಚಾಯಿತು ಅಂತ ಮನಸ್ಸಿಗೆ ಅನ್ನಿಸುವುದು ಬೇರೆ ವಿಷಯ. 'ಫ್ರೀ ಫ್ಲೋ' ಮಾರುವವರ ಅರ್ಧ ವ್ಯಾಪಾರ ನಿಂತಿರುವುದು ಈ ಭ್ರಮೆಯ ಮೇಲೆ.

'ಎಂಜಿನ್ನಿಗೆ ಬ್ಯಾಕ್ ಪ್ರೆಶರ್ ಬೇಕೇ ಬೇಕು' ಅನ್ನುವ ಗ್ಯಾರೇಜ್ ವೇದಾಂತವೂ ಪೂರ್ತಿ ಸರಿಯಲ್ಲ. ಎಂಜಿನ್ನಿಗೆ ಬೇಕಿರುವುದು ಒತ್ತಡ ಅಲ್ಲ, ಹೊಗೆಯ ವೇಗ. ಪೈಪು ಸರಿಯಾದ ಅಳತೆಯಲ್ಲಿದ್ದರೆ ಮುಂದೆ ಹೋಗುವ ಹೊಗೆ ಹಿಂದಿನದನ್ನು ಎಳೆದುಕೊಂಡು ಹೋಗುತ್ತದೆ. ತೀರಾ ಅಗಲದ ಪೈಪು ಹಾಕಿದರೆ ಈ ವೇಗ ಕುಸಿದು, ಕೆಳಗಿನ ಗೇರಿನ ಎಳೆತ ಕಮ್ಮಿಯಾಗುತ್ತದೆ. ಸಂಜೆ ಆರೂವರೆಗೆ ಹೆಬ್ಬಾಳ ಫ್ಲೈಓವರಿನಲ್ಲಿ ಒಂದನೇ ಗೇರು, ಎರಡನೇ ಗೇರಿನಲ್ಲೇ ತೆವಳುವ ಊರಿನಲ್ಲಿ ಯಾರಿಗೂ ಬೇಡದ ಅಪ್‌ಗ್ರೇಡ್ ಇದು.

ಇನ್ನು ಬೆಂಕಿ ಉಗುಳುವುದು. ಎಂಜಿನ್ನಿನ ಒಳಗೆ ಸುಡಬೇಕಾದ ಪೆಟ್ರೋಲ್ ಸುಡದೆ ಹೊರಗೆ ಬಂದು, ಕಾದ ಪೈಪಿನಲ್ಲಿ ಹೊತ್ತಿಕೊಂಡರೆ ಜ್ವಾಲೆ ಬರುತ್ತದೆ. ಕಂಪ್ಯೂಟರಿನ ಮ್ಯಾಪ್ ತಿದ್ದಿ ಬೇಕೆಂದೇ ಹಾಗೆ ಮಾಡಿಸುತ್ತಾರೆ. ಅಂದರೆ ಲೀಟರಿಗೆ ನೂರು ರೂಪಾಯಿ ಆಸುಪಾಸಿನ ಪೆಟ್ರೋಲನ್ನು ರಸ್ತೆಯಲ್ಲಿ ಸುಟ್ಟು ತೋರಿಸುವುದು. ಕ್ಯಾಟ್ ಇದ್ದರೆ ಅದು ಕರಗಿ ಹಾಳಾಗುತ್ತದೆ, ಹಾಗಾಗಿ ಇಂಥವರು ಮೊದಲು ಕ್ಯಾಟನ್ನೇ ಕಿತ್ತಿರುತ್ತಾರೆ.

ಸಣ್ಣ ಬಜೆಟ್ ಇದ್ದರೆ ಏನು ಮಾಡಬಹುದು?

ಮೊದಲು ಇರುವುದನ್ನು ನೋಡಿ. ಹತ್ತು ವರ್ಷ ಹಳೆಯ ಕಾರಿನ ಎಕ್ಸಾಸ್ಟ್‌ಗೆ ಬೇಕಿರುವುದು ಬಹಳ ಸಲ ಅಪ್‌ಗ್ರೇಡ್ ಅಲ್ಲ, ರಿಪೇರಿ. ಸಹಕಾರನಗರದಿಂದ ಯಲಹಂಕಕ್ಕೆ, ಆರ್‌ಟಿ ನಗರದಿಂದ ಮೇಖ್ರಿ ಸರ್ಕಲ್‌ಗೆ ಹೀಗೆ ಚಿಕ್ಕ ಓಡಾಟಕ್ಕಷ್ಟೇ ಕಾರು ತೆಗೆದರೆ ಪೈಪು ಪೂರ್ತಿ ಕಾಯುವುದೇ ಇಲ್ಲ. ಒಳಗೆ ಹುಟ್ಟಿದ ನೀರು ಆವಿಯಾಗದೆ ಡಬ್ಬಿಯಲ್ಲೇ ನಿಂತು ಒಳಗಿಂದ ತುಕ್ಕು ಹಿಡಿಸುತ್ತದೆ. ಹೊರಗಡೆ ಚೆನ್ನಾಗಿ ಕಾಣುವ ಡಬ್ಬಿಯನ್ನು ತಟ್ಟಿದರೆ ಒಳಗೆ ತಗಡಿನ ಚೂರು ಗಲಗಲ ಅನ್ನುವುದು ಹೀಗೆ. ಜೊತೆಗೆ ನಮ್ಮ ರಸ್ತೆಗಳ ಹಂಪ್‌ಗಳಿವೆಯಲ್ಲ, ಅಳತೆ ಪಾಳತೆ ಇಲ್ಲದವು, ಅವು ಫ್ಲೆಕ್ಸ್ ಪೈಪಿಗೆ ಉಜ್ಜಿ ಹರಿಯುತ್ತವೆ.

ನೋಡಬೇಕಾದ್ದು ಇಷ್ಟು. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಕ್ ಟಕ್ ಸದ್ದು ಬಂದು, ಬಿಸಿಯಾದ ಮೇಲೆ ನಿಂತರೆ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಹೋಗಿದೆ, ಇಲ್ಲವೇ ಬಿರುಕು ಬಿಟ್ಟಿದೆ. ಜಾಯಿಂಟುಗಳ ಸುತ್ತ ಕಪ್ಪು ಮಸಿ ಇದ್ದರೆ ಅಲ್ಲಿ ಲೀಕ್. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಜುಂಯ್ ಅಂತ ತಗಡು ಅಲುಗಿದರೆ ಬಹುತೇಕ ಹೀಟ್ ಶೀಲ್ಡ್ ಸಡಿಲ ಆಗಿರುತ್ತದೆ, ಒಂದು ಕ್ಲ್ಯಾಂಪ್ ಸಾಕು. ಕಾರೊಳಗೆ ಹೊಗೆ ವಾಸನೆ ಬಂದರೆ ಮಾತ್ರ ತಡ ಮಾಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಆ ಹೊಗೆಯ ಜೊತೆ ಅದೂ ಒಳಗೆ ಬರುತ್ತಿರುತ್ತದೆ. ಎಸಿ ಹಾಕಿ ಗಾಜು ಮುಚ್ಚಿ ನಿಂತ ಕಾರಿನಲ್ಲಿ ಮಲಗಿದವರು ಮತ್ತೆ ಏಳದೇ ಹೋದ ಪ್ರಕರಣಗಳು ದೇಶದಲ್ಲಿ ಆಗುತ್ತಲೇ ಇರುತ್ತವೆ.

ಪ್ಯಾಕಿಂಗ್, ಕ್ಲ್ಯಾಂಪ್, ಡಬ್ಬಿ ನೇತಾಡಿಸುವ ರಬ್ಬರ್ ಇವೆಲ್ಲ ನೂರರ ಲೆಕ್ಕದಲ್ಲಿ ಮುಗಿಯುವ ಕೆಲಸ. ಫ್ಲೆಕ್ಸ್ ಪೈಪ್ ಕತ್ತರಿಸಿ ಹೊಸದು ವೆಲ್ಡ್ ಮಾಡಿಸುವುದು, ಡಬ್ಬಿ ಬದಲಿಸುವುದು ಸಾವಿರದ ಲೆಕ್ಕ. ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಲು ಮರೆಯಬೇಡಿ. ಬಿಚ್ಚದೆ ಕೂತರೆ ನೂರರ ಕೆಲಸದಲ್ಲಿ ಹತ್ತಾರು ಸಾವಿರದ ಕಂಪ್ಯೂಟರ್ ಸುಟ್ಟುಹೋಗಬಹುದು. 'ಏನೂ ಆಗಲ್ಲ ಬಿಡಿ ಸಾರ್' ಅಂದರೂ ಬಿಚ್ಚಿಸಿ.

ಡಬ್ಬಿ ಬದಲಿಸಲೇಬೇಕು ಅಂದಾಗ ಮೂರು ದಾರಿ. ಕಂಪನಿಯದೇ ಹೊಸದು, ಜೆಸಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಅದೇ ಅಳತೆಯ ಬೇರೆ ಬ್ರಾಂಡಿನದು, ಇಲ್ಲ ಶಿವಾಜಿನಗರದ ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್. ನನ್ನ ಅಭಿಪ್ರಾಯದಲ್ಲಿ ಎರಡನೆಯದು ಬಜೆಟ್ಟಿಗೆ ಸರಿ. ಗುಜರಿಯದ್ದು ಒಳಗಿಂದ ಎಷ್ಟು ಕೊಳೆತಿದೆ ಅಂತ ನೋಡಲು ಆಗುವುದಿಲ್ಲ. ಅದು ಯಾರ ಕಾರಿನಿಂದ ಬಂತು ಅಂತ ಕೇಳಿದರೆ ಉತ್ತರವೂ ಸಿಗುವುದಿಲ್ಲ.

ಲೋಹದ ವಿಷಯದಲ್ಲಿ ಒಂದು ಅಂಗಡಿ ಚಮತ್ಕಾರ ಇದೆ. ಮ್ಯಾಗ್ನೆಟ್ ಹಿಡಿದು 'ನೋಡಿ ಅಂಟಲ್ಲ, ಒರಿಜಿನಲ್ ಸ್ಟೀಲ್' ಅಂತ ತೋರಿಸುತ್ತಾರೆ. 304 ದರ್ಜೆಯ ಸ್ಟೇನ್‌ಲೆಸ್‌ಗೆ ಮ್ಯಾಗ್ನೆಟ್ ಅಂಟುವುದಿಲ್ಲ ನಿಜ. ಆದರೆ ಎಕ್ಸಾಸ್ಟ್‌ಗೆಂದೇ ಬಳಸುವ 409 ದರ್ಜೆಯ ಸ್ಟೇನ್‌ಲೆಸ್‌ಗೆ ಅಂಟುತ್ತದೆ, ಅದೂ ಒಳ್ಳೆಯ ಮಾಲೇ. ಬೇಡದ್ದು ಮೇಲೆ ಬೆಳ್ಳಿ ಬಣ್ಣ ಹೊಡೆದ ಸಾದಾ ಕಬ್ಬಿಣ. ಅಗ್ಗದ ಸ್ಪೋರ್ಟ್ಸ್ ಡಬ್ಬಿಗಳೊಳಗೆ ತುಂಬಿರುವ ಗ್ಲಾಸ್ ವೂಲ್ ಕೂಡ ಕೆಲವು ತಿಂಗಳಲ್ಲಿ ಸುಟ್ಟು ಉದುರುತ್ತದೆ. ಅಂಗಡಿಯಲ್ಲಿ ಹಿತವಾಗಿ ಕೇಳಿಸಿದ ದನಿ ಆರು ತಿಂಗಳಿಗೆ ಕರ್ಕಶ ಆಗುವುದು ಅದಕ್ಕೇ.

ಇದರ ಜೊತೆ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಬದಲಿಸಿ, ಟೈರಿಗೆ ಸರಿಯಾದ ಗಾಳಿ ಹಾಕಿಸಿ. ಹಳೇ ಕಾರಿಗೆ 'ಪಿಕಪ್' ಮರಳಿ ಬರುವುದು ಹೀಗೆ. ಪೈಪಿನ ತುದಿಗೆ ಕ್ರೋಮ್ ಟಿಪ್ ಹಾಕಿಸಿಕೊಂಡರೆ ಯಾರಿಗೂ ತೊಂದರೆ ಇಲ್ಲ, ಸದ್ದೂ ಬದಲಾಗದು.

ಒಂದು ಕಡೆ ಮಾತ್ರ ಕಡ್ಡಾಯವಾಗಿ ಬೇಡ ಅನ್ನಿ. 'ಕ್ಯಾಟ್ ತೆಗೆದುಬಿಡೋಣ, ಫ್ರೀಯಾಗಿ ತೆಗೆದುಕೊಡ್ತೀನಿ, ಪಿಕಪ್ ನೋಡಿ ಹೆಂಗಿರುತ್ತೆ' ಅನ್ನುವ ಆಫರ್. ಆ ಕಿತ್ತ ಕ್ಯಾಟ್‌ನಲ್ಲಿರುವ ಪ್ಲಾಟಿನಂ, ರೋಡಿಯಂಗೆ ಗುಜರಿ ಮಾರುಕಟ್ಟೆಯಲ್ಲಿ ಒಳ್ಳೆ ಬೆಲೆ ಇದೆ. ಫ್ರೀ ಅನ್ನುವವರಿಗೆ ಅದು ಗೊತ್ತು. ನಿಮಗೆ ಉಳಿಯುವುದು ಉರಿಯುತ್ತಲೇ ಇರುವ ಚೆಕ್ ಎಂಜಿನ್ ಲೈಟ್ ಮತ್ತು ಎಮಿಷನ್ ಟೆಸ್ಟ್‌ನಲ್ಲಿ ಫೇಲ್. ಬಿಎಸ್-4 ಮತ್ತು ಬಿಎಸ್-6 ಪೆಟ್ರೋಲ್ ಕಾರು ಐಡಲ್‌ನಲ್ಲಿ ನಿಂತಾಗ ಕಾರ್ಬನ್ ಮೊನಾಕ್ಸೈಡ್ ಶೇ. 0.3 ದಾಟಬಾರದು, ಹೈಡ್ರೋಕಾರ್ಬನ್ 200 ಪಿಪಿಎಂ ದಾಟಬಾರದು. ಕ್ಯಾಟ್ ಇಲ್ಲದೆ ಪ್ರಾಮಾಣಿಕ ಯಂತ್ರದಲ್ಲಿ ಇದನ್ನು ಪಾಸ್ ಮಾಡುವುದು ಕಷ್ಟ. ಅಪ್ರಾಮಾಣಿಕ ಯಂತ್ರಗಳೂ ಇವೆ ಅನ್ನುತ್ತೀರಾ? ಅದು ಇನ್ನೊಂದು ಲೇಖನ. ಡೀಸೆಲ್ ಕಾರಿನ ಡಿಪಿಎಫ್ ಕಿತ್ತು ಹಾಕುವುದಕ್ಕೂ ಇದೇ ಮಾತು.

ಕಾನೂನು: ಓನರಿಗೆ ಒಂದು, ಗ್ಯಾರೇಜಿಗೆ ಇನ್ನೊಂದು

ಎಮಿಷನ್ ಟೆಸ್ಟ್ ಪಾಸಾಯಿತು ಅಂದರೆ ಸೈಲೆನ್ಸರ್ ಕಾನೂನುಬದ್ಧ ಅಂತ ತುಂಬಾ ಜನ ತಿಳಿದಿದ್ದಾರೆ. ಆ ಟೆಸ್ಟ್‌ನಲ್ಲಿ ಸದ್ದನ್ನು ಅಳೆಯುವುದೇ ಇಲ್ಲ. ಸದ್ದಿಗೆ ಬೇರೆ ನಿಯಮ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ ನಿಯಮ 120 ಪ್ರಕಾರ ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಒಂಬತ್ತು ಸೀಟಿನೊಳಗಿನ ಕಾರಿಗೆ ಮಿತಿ 74 ಡೆಸಿಬಲ್. ಡೆಸಿಬಲ್ ಲೆಕ್ಕ ನಮ್ಮ ಮಾಮೂಲಿ ಲೆಕ್ಕದ ಹಾಗಲ್ಲ. ಹತ್ತು ಹೆಚ್ಚಾದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟಾಗಿ ಕೇಳಿಸುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಒಟ್ಟು ಪರಿಸರದ ಮಿತಿ 45 ಡೆಸಿಬಲ್, ಆಸ್ಪತ್ರೆ, ಶಾಲೆಗಳಂಥ ನಿಶ್ಶಬ್ದ ವಲಯದಲ್ಲಿ 40. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ಮುಂದೆ ರಾತ್ರಿ ಹನ್ನೊಂದಕ್ಕೆ ಒಂದು ಫ್ರೀ ಫ್ಲೋ ಕಾರು ಹಾದುಹೋದರೆ ಒಳಗೆ ಮಲಗಿದವರಿಗೆ ಏನಾಗುತ್ತದೆ ಅಂತ ಈ ಅಂಕಿಗಳಿಂದ ಊಹಿಸಬಹುದು.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸಬೇಡಿ ಅನ್ನುತ್ತದೆ. 'ಆರ್‌ಸಿಯಲ್ಲಿ ಸೈಲೆನ್ಸರ್ ಅಂತ ಕಾಲಂ ಎಲ್ಲಿದೆ?' ಅನ್ನುವುದು ಮಾಡಿಫಿಕೇಷನ್ ಪ್ರಿಯರ ಹಳೇ ವಾದ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ವಾಹನ ಬದಲಿಸುವ ಹಾಗಿಲ್ಲ ಎಂದು ಹೇಳಿದ ಮೇಲೆ ಆ ವಾದಕ್ಕೆ ಬಲ ಉಳಿದಿಲ್ಲ. ಆರ್‌ಸಿಯಲ್ಲಿ ಇಲ್ಲದಿದ್ದರೂ ಸದ್ದು, ಹೊಗೆಯ ನಿಯಮಗಳು ಹೇಗೂ ಅನ್ವಯಿಸುತ್ತವೆ.

ಅದೇ ವರ್ಷದ ತಿದ್ದುಪಡಿ ಶಿಕ್ಷೆಯನ್ನು ಬಿಗಿ ಮಾಡಿತು. ಸೆಕ್ಷನ್ 182ಎ(4) ಪ್ರಕಾರ ವಾಹನ ಬದಲಿಸಿದ ಓನರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. 'ಒಂದೊಂದು ಬದಲಾವಣೆಗೂ' ಅನ್ನುವುದನ್ನು ಗಮನಿಸಿ. ದಂಡ ಬೆಳೆಯುವುದು ಅಲ್ಲೇ. ಸೆಕ್ಷನ್ 190(2) ಪ್ರಕಾರ ಸದ್ದು, ಹೊಗೆಯ ಮಾನದಂಡ ಮೀರಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಡ್ರೈವಿಂಗ್ ಲೈಸೆನ್ಸ್ ಅನರ್ಹ. ಬಟನ್ ಒತ್ತಿದರೆ ಹೊಗೆ ಸೈಲೆನ್ಸರ್ ಬಿಟ್ಟು ಬೇರೆ ದಾರಿಯಲ್ಲಿ ಹೋಗುವ 'ಕಟ್‌ಔಟ್' ಇದ್ದರೆ ಸೆಕ್ಷನ್ 194ಎಫ್ ಕೆಳಗೆ 1,000, ಎರಡನೇ ಸಲಕ್ಕೆ 2,000. ಇವು ಕಾಯ್ದೆಯಲ್ಲಿರುವ ಅಂಕಿಗಳು. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ದಂಡವನ್ನು ರಾಜ್ಯ ಸರ್ಕಾರ ಬೇರೆಯಾಗಿ ನಿಗದಿ ಮಾಡುತ್ತದೆ.

ಇಲ್ಲಿಯವರೆಗೆ ಎಲ್ಲವೂ ಓನರಿನ ತಲೆ ಮೇಲೆ. ಈಗ ಗ್ಯಾರೇಜಿಗೆ ಬನ್ನಿ. ಸೆಕ್ಷನ್ 182ಎ(1), ಕಾನೂನಿಗೆ ವಿರುದ್ಧವಾಗಿ ವಾಹನ ಬದಲಿಸುವ 'ಡೀಲರ್'ಗೆ ಒಂದು ವರ್ಷದವರೆಗೆ ಜೈಲು ಅಥವಾ ವಾಹನವೊಂದಕ್ಕೆ 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಅನ್ನುತ್ತದೆ. ಡೀಲರ್ ಅಂದರೆ ಶೋರೂಂ ಮಾತ್ರ ಅಂದುಕೊಳ್ಳಬೇಡಿ. ಅದೇ ಕಾಯ್ದೆಯ ಸೆಕ್ಷನ್ 2(8)ರ ವ್ಯಾಖ್ಯೆಯಲ್ಲಿ ವಾಹನ ರಿಪೇರಿ ಮಾಡುವವರೂ ಡೀಲರೇ. ಅಂದರೆ ಬೆಂಕಿ ಉಗುಳುವ ಪೈಪು ಕೂರಿಸಿಕೊಟ್ಟ ಗ್ಯಾರೇಜಿನ ಮೇಲೂ ಕೇಸು ಹಾಕಲು ಕಾನೂನಿನಲ್ಲಿ ಜಾಗ ಇದೆ.

ಹಾಗಾದರೆ ಯಾಕೆ ಹಾಕುವುದಿಲ್ಲ? ಅದೇ ಸೆಕ್ಷನ್ನಿನ ಬಾಲದಲ್ಲಿ ಒಂದು ಕಿಂಡಿ ಇದೆ. ಈ ವಾಹನ ಯಾವ ರೀತಿಯಲ್ಲಿ ನಿಯಮಕ್ಕೆ ವಿರುದ್ಧ ಅನ್ನುವುದನ್ನು ಗಿರಾಕಿಗೆ ಮೊದಲೇ ತಿಳಿಸಿದ್ದೆ ಎಂದು ಡೀಲರ್ ರುಜುವಾತು ಮಾಡಿದರೆ ಅವನಿಗೆ ಶಿಕ್ಷೆ ಇಲ್ಲ. ಆನ್‌ಲೈನಲ್ಲಿ ಎಕ್ಸಾಸ್ಟ್ ಕೊಳ್ಳುವಾಗ ಪುಟದ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ 'ಆಫ್ ರೋಡ್ ಬಳಕೆಗೆ ಮಾತ್ರ' ಅಂತ ಇರುತ್ತದಲ್ಲ, ಬಿಲ್ಲಿನ ಮೂಲೆಯಲ್ಲಿ 'ಗ್ರಾಹಕರ ಜವಾಬ್ದಾರಿ' ಅಂತ ಮುದ್ರೆ ಬೀಳುತ್ತದಲ್ಲ, ಇಂಥ ಸಾಲುಗಳಿಗೆ ಅಷ್ಟು ಬೆಲೆ ಬರುವುದು ಇಲ್ಲೇ. ಯಲಹಂಕದಲ್ಲಿ ಮ್ಯಾಚೊಂದರ ಟ್ರ್ಯಾಕ್ ಇಲ್ಲ, ಕೊಳ್ಳುವವನು ಅದನ್ನು ಬಳ್ಳಾರಿ ರಸ್ತೆಯಲ್ಲೇ ಓಡಿಸುತ್ತಾನೆ ಅಂತ ಮಾರುವವನಿಗೂ ಗೊತ್ತು, ಕಾನೂನು ಬರೆದವರಿಗೂ ಗೊತ್ತು. ಗೊತ್ತಿದ್ದೂ ಕಿಂಡಿ ತೆರೆದೇ ಇದೆ.

ಉಡುಪಿ, ಶಿವಮೊಗ್ಗ, ಬೆಂಗಳೂರು ಎಲ್ಲ ಕಡೆ ದೋಷಪೂರಿತ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ಫೋಟೊ ನೀವು ನೋಡಿರುತ್ತೀರಿ. ಹೆಚ್ಚಿನವು ಬೈಕಿನವು. ಕಿವಿಗೆ ನೆಮ್ಮದಿ ಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ರೋಲರ್ ಕೆಳಗೆ ಹೋಗುವುದು ಕೊಂಡವನ ಮಾಲು, ಮಾರಿದವನ ಗೋದಾಮು ಹಾಗೇ ಇರುತ್ತದೆ. ಸದ್ದು ಮಿತಿ ಮೀರಿತು ಅಂತ ತೀರ್ಮಾನಿಸುವುದೂ ಎಷ್ಟೋ ಸಲ ಪೊಲೀಸರ ಕಿವಿಯೇ. 74 ಡೆಸಿಬಲ್ ಅನ್ನುವುದು ಐಎಸ್ 3028 ಎಂಬ ವಿಧಾನದಲ್ಲಿ, ತೆರೆದ ಟ್ರ್ಯಾಕಿನಲ್ಲಿ, 7.5 ಮೀಟರ್ ದೂರ ಮೈಕ್ ಇಟ್ಟು ಅಳೆಯುವ ಸಂಖ್ಯೆ. ಮೇಖ್ರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಅದನ್ನು ಅಳೆಯುವುದು ಆಗದ ಮಾತು. ಇನ್ನೊಂದು ಕಡೆ ಭಾನುವಾರ ಬೆಳಿಗ್ಗೆ ವಿಮಾನ ನಿಲ್ದಾಣ ರಸ್ತೆಯಲ್ಲಿ ನಂದಿಬೆಟ್ಟದ ಕಡೆ ಹೋಗುವ ಕೋಟಿ ಬೆಲೆಯ ಕಾರುಗಳಲ್ಲಿ ಸದ್ದು ಏರಿಳಿಸುವ ವಾಲ್ವ್ ಕಾರ್ಖಾನೆಯಲ್ಲೇ ಕೂತು, ಪರೀಕ್ಷೆ ಪಾಸಾಗಿ ಬಂದಿರುತ್ತದೆ. ಅದೇ ಗುರ್ ಸದ್ದು ಗುಡ್ಡದಹಳ್ಳಿಯ ಹುಡುಗನ ಹಳೇ ಕಾರಿನಿಂದ ಬಂದರೆ 'ದೋಷಪೂರಿತ'. ಸೌಂಡ್ ಮೀಟರ್ ಎಲ್ಲರ ಪೈಪಿಗೂ ಹಿಡಿಯಲಿ, ಕೂರಿಸಿಕೊಟ್ಟವರ ಬಿಲ್ ಬುಕ್ಕನ್ನೂ ಕೇಳಲಿ ಅನ್ನುವುದು ನ್ಯಾಯವಾದ ಬೇಡಿಕೆ.

ಕೆಲಸ ಮಾಡಿಸುವ ದಿನ

ರಿಪೇರಿಯೇ ಆಗಲಿ, ಬದಲಾವಣೆಯೇ ಆಗಲಿ, ಪಕ್ಕಾ ಬಿಲ್ ತಗೊಳ್ಳಿ. ಬಿಲ್ಲಿನಲ್ಲಿ ಭಾಗದ ಹೆಸರು, ಬ್ರಾಂಡ್, ಅಂಗಡಿಯ ಹೆಸರು ಇರಲಿ. 'ನಿಯಮಕ್ಕೆ ಹೊಂದುತ್ತಾ?' ಅಂತ ವಾಟ್ಸಾಪಿನಲ್ಲಿ ಬರಹದಲ್ಲೇ ಕೇಳಿ. ಹೊಂದುತ್ತೆ ಅಂತ ಬರೆದುಕೊಟ್ಟರೆ ಆ ಕಿಂಡಿ ಅವರಿಗೆ ಅಷ್ಟರಮಟ್ಟಿಗೆ ಮುಚ್ಚಿತು. ಉತ್ತರ ಕೊಡದೆ ನುಣುಚಿಕೊಂಡರೆ ನಿಮಗೆ ಉತ್ತರ ಸಿಕ್ಕಿತು.

ಕಿತ್ತ ಹಳೇ ಭಾಗ ನಿಮ್ಮದು, ಕೇಳಿ ತಗೊಂಡು ಬನ್ನಿ. 15 ವರ್ಷ ತುಂಬಿದ ಕಾರನ್ನು ಮರುನೋಂದಣಿಗೆ ಯಶವಂತಪುರ ಅಥವಾ ಯಲಹಂಕ ಆರ್‌ಟಿಒಗೆ ಒಯ್ಯುವಾಗ ಇನ್‌ಸ್ಪೆಕ್ಟರ್ ಕಾರನ್ನು ಕಣ್ಣಾರೆ ನೋಡುತ್ತಾರೆ. ಆಗ ಒರಿಜಿನಲ್ ಡಬ್ಬಿಗೆ ಗುಜರಿ ಸುತ್ತುವ ಕೆಲಸ ತಪ್ಪುತ್ತದೆ. ವಾರಂಟಿ ಇರುವ ಕಾರಾದರೆ ಸರ್ವಿಸ್ ಸೆಂಟರಿಗೆ, ಇನ್ಶೂರೆನ್ಸ್ ಚಾಲ್ತಿ ಇದ್ದರೆ ಕಂಪನಿಗೆ ಮೊದಲೇ ತಿಳಿಸಿ. ಹೇಳದೆ ಮಾಡಿಸಿದ ಬದಲಾವಣೆ ಕ್ಲೈಮ್ ಸಮಯದಲ್ಲಿ ತಕರಾರು ತೆಗೆಯಲು ಅವರಿಗೆ ಒಳ್ಳೆ ನೆಪ. ಕೆಲಸ ಮುಗಿದ ವಾರದೊಳಗೆ ಎಮಿಷನ್ ಟೆಸ್ಟ್ ಮಾಡಿಸಿ. ಬಿಎಸ್-4, ಬಿಎಸ್-6 ಕಾರಿಗೆ ಆ ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳು.